ಅಪ್ಪಣೆ ಬಾರದಿದ್ದಾಗ ಫ್ಯಾನ್ ಏನು ಮಾಡಬೇಕು

ಕಲಬುರಗಿಯ ಏಪ್ರಿಲ್ ತಿಂಗಳ ಮಧ್ಯಾಹ್ನ ಕೋಣೆಯ ಗಾಳಿಯೇ 38 ಡಿಗ್ರಿಗೆ ಕಾದಿರುವಾಗ, ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಗೆ ಯಾವ ಫ್ಯಾನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎನ್ನುವುದು ಸಣ್ಣ ಪ್ರಶ್ನೆಯಲ್ಲ. ಆದರೆ ಏಳು ವರ್ಷಗಳ ಕಾಲ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. 2018ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗಗಳನ್ನು ಕೊಂಡು, ಜೋಡಿಸಿಕೊಂಡು ತಂದ ಯಂತ್ರ ಅದು. ಎಎಂಡಿಯ ರೈಜೆನ್ 5 1600 ಪ್ರೊಸೆಸರ್, 16 ಜಿಬಿ ಮೆಮೊರಿ, ಮುಂದೆ ಎರಡು ಮತ್ತು ಹಿಂದೆ ಒಂದು ಬಣ್ಣದ ದೀಪಗಳುಳ್ಳ ಫ್ಯಾನುಗಳು. ದೀಪಗಳನ್ನು ನಾನು ಬಯಸಿ ಕೊಂಡದ್ದಲ್ಲ; ಗಾಜಿನ ಬದಿಯಿರುವ ಆ ಕ್ಯಾಬಿನೆಟ್ಟಿನ ಜೊತೆಗೇ ಅವು ಬಂದಿದ್ದವು. ವಿಂಡೋಸ್ ಇದ್ದಷ್ಟು ದಿನ ಒಂದು ತಂತ್ರಾಂಶ ಪರದೆಯ ಮೂಲೆಯಲ್ಲಿ ಕುಳಿತು ಫ್ಯಾನುಗಳನ್ನೂ ದೀಪಗಳನ್ನೂ ನೋಡಿಕೊಳ್ಳುತ್ತಿತ್ತು, ನಾನು ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ.

ಆ ಕೆಲಸ ಯಾವುದೆಂದು ಹೇಳದಿದ್ದರೆ ಮುಂದಿನ ಮಾತು ಅರ್ಥವಾಗದು. ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗಾಗಿ ಪದವಿ ತರಗತಿಯ ಕನ್ನಡ ಪಠ್ಯಗಳನ್ನು ಓದಿ ಧ್ವನಿಮುದ್ರಿಸಿಕೊಡುವುದು ನನ್ನ ರಾತ್ರಿಯ ಕೆಲಸ. ಓದುವಾಗ ಛಾವಣಿಯ ಫ್ಯಾನನ್ನೂ ಕೂಲರನ್ನೂ ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಳ್ಳಬೇಕಾಗುತ್ತದೆ. ಹಾಗೆ ಮುಚ್ಚಿದ ಕೋಣೆಯಲ್ಲಿ ಉಳಿಯುವ ಸದ್ದು ಎರಡೇ, ನನ್ನ ದನಿ ಮತ್ತು ಕಂಪ್ಯೂಟರಿನ ಫ್ಯಾನುಗಳದ್ದು. ಎರಡನೆಯದು ಕಡಿಮೆಯಾದಷ್ಟೂ ಮೊದಲನೆಯದು ಕೇಳುವವರಿಗೆ ಹಿತ. ಆದರೆ ಫ್ಯಾನುಗಳ ಮೇಲೆ ಅತಿ ಹೆಚ್ಚು ಹೊರೆ ಬೀಳುವುದೂ ಆ ಮುಚ್ಚಿದ, ಕಾದ ಕೋಣೆಯಲ್ಲಿಯೇ.

ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗೆ ಬರುವ ಯೋಚನೆ ಹುಟ್ಟಿದ್ದು ಯಾವ ಉತ್ಸಾಹದಿಂದಲೂ ಅಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಮೊದಲೇ ಪ್ರಕಟವಾಗಿತ್ತು, ಮತ್ತು ವಿಂಡೋಸ್ 11 ಒಪ್ಪಿಕೊಳ್ಳುವ ಪ್ರೊಸೆಸರುಗಳ ಪಟ್ಟಿಯಲ್ಲಿ ಮೊದಲ ತಲೆಮಾರಿನ ರೈಜೆನ್ ಇರಲಿಲ್ಲ. ಆರು ಕೋರುಗಳ, ಇಂದಿಗೂ ನನ್ನ ಎಲ್ಲ ಕೆಲಸಕ್ಕೆ ಸಾಲುವ ಒಂದು ಪ್ರೊಸೆಸರನ್ನು ಪಟ್ಟಿಯಲ್ಲಿಲ್ಲ ಎಂಬ ಕಾರಣಕ್ಕೆ ಬದಿಗಿಡಲು ಮನಸ್ಸು ಒಪ್ಪಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿಯೇ ಲಿನಕ್ಸ್ ಮಿಂಟ್ 22.1 ಹಾಕಿಕೊಂಡೆ. ಕನ್ನಡ ಟೈಪಿಂಗ್, ಪ್ರಿಂಟರ್, ಮೈಕ್, ಧ್ವನಿಮುದ್ರಣಕ್ಕೆ ನಾನು ಮೊದಲಿನಿಂದಲೂ ಬಳಸುವ ಅಡಾಸಿಟಿ, ಎಲ್ಲವೂ ಒಂದೇ ಸಂಜೆಯಲ್ಲಿ ಸರಿಹೋದವು. ಆ ಭಾಗದಲ್ಲಿ ಬರೆಯುವಂಥದ್ದು ಏನೂ ನಡೆಯಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ದೀಪ. ವಿಂಡೋಸಿನಲ್ಲಿ ಮಂದ ಬಿಳಿಯಾಗಿದ್ದ ಮೂರೂ ಫ್ಯಾನುಗಳು ಈಗ ಕೆಂಪಿನಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ ನಿಲ್ಲದೆ ಹರಿಯತೊಡಗಿದ್ದವು. ಪಡಸಾಲೆಯಲ್ಲಿ ಮಲಗುವ ಅವ್ವನಿಗೆ ಬಾಗಿಲ ಮೇಲಿನ ಗಾಜಿನ ಕಿಂಡಿಯಿಂದ ಅದು ಗೋಡೆಯ ಮೇಲೆ ಬಿದ್ದು ನಿದ್ದೆ ಕೆಡಿಸಿತು. ಬೆಳಿಗ್ಗೆ ಚಹಾ ಕೊಡುತ್ತ, "ರಾತ್ರಿಯೆಲ್ಲಾ ಗ್ವಾಡಿ ಮ್ಯಾಲ ಬಣ್ಣ ಓಡಾಡ್ತಾವಲ್ಲೋ, ಅದನ್ನ ಆರಸಾಕ ಬರಂಗಿಲ್ಲೇನು?" ಎಂದು ಕೇಳಿದಳು. ಅಂದು ನನ್ನ ಬಳಿ ಉತ್ತರವಿರಲಿಲ್ಲ.

ದೀಪ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದರ ದೂರು ಬೇಗ ಬರುತ್ತದೆ. ಫ್ಯಾನಿನ ಸಮಸ್ಯೆ ಹಾಗೆ ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ಮೂರನೆಯ ದಿನ ಮಧ್ಯಾಹ್ನ ಗೆಳೆಯರೊಬ್ಬರ ಉಪನ್ಯಾಸದ ವಿಡಿಯೊ ಸಿದ್ಧವಾಗಲು ಹಚ್ಚಿ ಊಟಕ್ಕೆ ಹೋದೆ. ಅರ್ಧ ತಾಸಿನಲ್ಲಿ ಮುಗಿಯಬೇಕಾದ ಕೆಲಸ ಒಂದು ತಾಸು ಕಳೆದರೂ ಮುಗಿದಿರಲಿಲ್ಲ. ಕ್ಯಾಬಿನೆಟ್ಟಿನ ಗಾಜಿಗೆ ಅಂಗೈ ಇಟ್ಟರೆ ಹೆಚ್ಚು ಹೊತ್ತು ಇಡಲಾಗುತ್ತಿರಲಿಲ್ಲ. ಪ್ರೊಸೆಸರಿನ ಉಷ್ಣಾಂಶ 93 ಡಿಗ್ರಿ ತೋರಿಸುತ್ತಿತ್ತು. ಈ ಪ್ರೊಸೆಸರಿಗೆ ತಯಾರಕರು ಹಾಕಿರುವ ಮಿತಿ 95. ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಂಡು ಕೆಲಸ ಮಾಡುತ್ತಿತ್ತು. ಪ್ರೊಸೆಸರಿನ ಮೇಲಿನ ಫ್ಯಾನ್ ಪೂರ್ತಿ ವೇಗದಲ್ಲಿ ಕೂಗುತ್ತಿದ್ದರೆ, ಮುಂದಿನ ಎರಡೂ ಹಿಂದಿನ ಒಂದೂ ಯಂತ್ರ ಸುಮ್ಮನಿರುವಾಗ ತಿರುಗುವಷ್ಟೇ ನಿಧಾನವಾಗಿ, ಬಣ್ಣ ಬದಲಿಸುತ್ತ, ತಿರುಗುತ್ತಿದ್ದವು. ಹೊರಗಿನ ಗಾಳಿ ಒಳಗೆ ಬರುತ್ತಿರಲಿಲ್ಲ. ಒಳಗಿನ ಬಿಸಿಗಾಳಿಯನ್ನೇ ಪ್ರೊಸೆಸರಿನ ಫ್ಯಾನ್ ಮತ್ತೆ ಮತ್ತೆ ಸುತ್ತಿಸುತ್ತಿತ್ತು.

ಕೆಲಸ ನಿಲ್ಲಿಸಿ, ಯಂತ್ರ ಆರಿಸಿ, ಗಾಜನ್ನು ಬಿಚ್ಚಿ ತಂತಿಗಳ ಜಾಡು ಹಿಡಿದಾಗ ಕಾರಣ ಸಿಕ್ಕಿತು. ಮೂರೂ ಫ್ಯಾನುಗಳ ತಂತಿಗಳು ಎಲ್ಲ ಬಿಡಿಭಾಗಗಳನ್ನು ಕೂಡಿಸುವ ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ಹೋಗಿರಲೇ ಇಲ್ಲ. ಹಿಂಬದಿಯ ತಗಡಿಗೆ ಅಂಟಿಸಿದ್ದ ಒಂದು ಸಣ್ಣ ಪೆಟ್ಟಿಗೆಗೆ, ಅಂದರೆ ಹಬ್‌ಗೆ, ಅವನ್ನು ಸಿಕ್ಕಿಸಲಾಗಿತ್ತು. ಹಬ್‌ನಿಂದ ಒಂದು ತಂತಿ ವಿದ್ಯುತ್ತಿಗೆ, ಇನ್ನೊಂದು ಮದರ್‌ಬೋರ್ಡಿನ ಒಳಗಿನ ಯುಎಸ್‌ಬಿ ಪಿನ್ನುಗಳಿಗೆ. ಉಷ್ಣಾಂಶ ಏರಿದಾಗ ಫ್ಯಾನ್ ವೇಗ ಎಷ್ಟಾಗಬೇಕು ಎಂಬ ಲೆಕ್ಕ ಆ ಹಬ್‌ನೊಳಗೂ ಇರಲಿಲ್ಲ. ಲೆಕ್ಕವೆಲ್ಲ ವಿಂಡೋಸಿನ ಮೂಲೆಯಲ್ಲಿ ಕುಳಿತಿದ್ದ ಆ ತಂತ್ರಾಂಶದಲ್ಲಿತ್ತು. ಅದು ಪದೇ ಪದೇ ಉಷ್ಣಾಂಶ ಓದಿ, ಯುಎಸ್‌ಬಿ ಮೂಲಕ ಹಬ್‌ಗೆ "ಇಷ್ಟು ವೇಗ" ಎಂದು ಹೇಳುತ್ತಿತ್ತು. ಹೇಳುವವರು ಇಲ್ಲವಾದಾಗ ಹಬ್ ಒಂದು ಕಡಿಮೆ ವೇಗವನ್ನು ಹಿಡಿದು ಕುಳಿತಿತು. ನಾನು ತೆಗೆದುಹಾಕಿದ್ದು ವಿಂಡೋಸನ್ನು ಮಾತ್ರ ಎಂದುಕೊಂಡಿದ್ದೆ. ಅದರೊಂದಿಗೆ ಯಂತ್ರದ ಉಸಿರಾಟವನ್ನು ನಡೆಸುತ್ತಿದ್ದ ಭಾಗವನ್ನೂ ತೆಗೆದುಹಾಕಿದ್ದೆ.

ಇದು ಲಿನಕ್ಸಿನ ಕೊರತೆ ಎಂದು ಆ ಹೊತ್ತಿನಲ್ಲಿ ನನಗೂ ಅನಿಸಿತ್ತು. ಫ್ಯಾನ್ ಎಂಬ ವಸ್ತುವನ್ನು ಮೊದಲು ಹೇಗೆ ರೂಪಿಸಿದ್ದರು ಎಂದು ಓದಿದ ಮೇಲೆ ಹಾಗೆ ಅನಿಸುವುದು ನಿಂತಿತು. ಇಂದು ಕಂಪ್ಯೂಟರುಗಳಲ್ಲಿರುವ ನಾಲ್ಕು ತಂತಿಯ ಫ್ಯಾನುಗಳು ಇಂಟೆಲ್ ಪ್ರಕಟಿಸಿದ ಒಂದು ನಿಯಮಾವಳಿಯನ್ನು ಅನುಸರಿಸುತ್ತವೆ. ಅದರ 2005ರ ಆವೃತ್ತಿಯನ್ನು ಇಂದಿಗೂ ಎಲ್ಲರೂ ಆಧಾರವಾಗಿ ಹಿಡಿಯುತ್ತಾರೆ. ಒಂದು ತಂತಿ ನೆಲಕ್ಕೆ, ಇನ್ನೊಂದರಲ್ಲಿ 12 ವೋಲ್ಟ್. ಮೂರನೆಯದು ಫ್ಯಾನ್ ಒಂದು ಸುತ್ತು ತಿರುಗಿದಾಗ ಎರಡು ಮಿಡಿತಗಳನ್ನು ಕಳಿಸಿ ತನ್ನ ವೇಗವನ್ನು ವರದಿ ಮಾಡುತ್ತದೆ. ನಾಲ್ಕನೆಯದು ಅಪ್ಪಣೆಯ ತಂತಿ. ಅದರಲ್ಲಿ ಸೆಕೆಂಡಿಗೆ 25,000 ಬಾರಿ ಸಂಕೇತ ಏರಿ ಇಳಿಯುತ್ತದೆ, ಆ ಏರಿಳಿತದಲ್ಲಿ ಸಂಕೇತ ಮೇಲಿರುವ ಪಾಲು ಹೆಚ್ಚಿದಷ್ಟೂ ಫ್ಯಾನಿನ ವೇಗ ಹೆಚ್ಚುತ್ತದೆ. 25 ಕಿಲೋಹರ್ಟ್ಸ್ ಎಂದರೆ ಮನುಷ್ಯರ ಕಿವಿ ಕೇಳಬಲ್ಲ ಮಿತಿಯ ಆಚೆಗಿನದು, ಹಾಗಾಗಿ ಆ ಅಪ್ಪಣೆಗೇ ಒಂದು ಸದ್ದು ಇರುವುದಿಲ್ಲ. ಧ್ವನಿಮುದ್ರಣ ಮಾಡುವ ನನಗೆ ಈ ಒಂದು ನಿರ್ಧಾರದ ಬೆಲೆ ಚೆನ್ನಾಗಿ ಗೊತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ನಿಯಮ. ಅಪ್ಪಣೆಯ ತಂತಿಯಲ್ಲಿ ಏನೂ ಬಾರದಿದ್ದರೆ, ತಂತಿ ಕಿತ್ತೇ ಹೋಗಿದ್ದರೆ, ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗಬೇಕು. ಹೇಳುವವರು ಇಲ್ಲದಾಗ ಏನು ಮಾಡಬೇಕೆಂಬುದನ್ನು ಮೊದಲೇ ಯೋಚಿಸಿ, ಯಂತ್ರ ಉಳಿಯುವ ಕಡೆಗೇ ವಾಲುವಂತೆ ಅದನ್ನು ಕಟ್ಟಿದ್ದಾರೆ. ನನ್ನ ಕ್ಯಾಬಿನೆಟ್ಟಿನ ಫ್ಯಾನುಗಳೂ ಇದೇ ಜಾತಿಯವು. ಅವುಗಳ ಮತ್ತು ಮದರ್‌ಬೋರ್ಡಿನ ನಡುವೆ ಬಂದು ಕುಳಿತ ಹಬ್, ತನಗೆ ಮಾತು ಬಾರದಿದ್ದಾಗಲೂ ಫ್ಯಾನುಗಳಿಗೆ ಮಾತ್ರ "ನಿಧಾನ" ಎಂದು ಹೇಳುತ್ತಲೇ ಇತ್ತು. ತಪ್ಪು ಇದ್ದದ್ದು ಅಲ್ಲಿ. ವಿಂಡೋಸಿನಲ್ಲಿಯೂ ಆ ತಂತ್ರಾಂಶ ಯಾವಾಗಲಾದರೂ ಕೆಟ್ಟು ನಿಂತಿದ್ದರೆ ಇದೇ ಆಗುತ್ತಿತ್ತು. ಏಳು ವರ್ಷ ಆ ಅಪಾಯದ ಜೊತೆಗೆ ನಾನು ಅರಿಯದೆ ಬದುಕಿದ್ದೆ.

ಮದರ್‌ಬೋರ್ಡಿನ ಮೇಲೆ ಪ್ರೊಸೆಸರಿಗೆ ಸಂಬಂಧವಿಲ್ಲದ ಒಂದು ಸಣ್ಣ ಚಿಪ್ ಇರುತ್ತದೆ. ನನ್ನದರಲ್ಲಿ ಅದು ನುವೊಟಾನ್ ಕಂಪನಿಯದು. ಉಷ್ಣಾಂಶ ಅಳೆಯುವುದು, ಫ್ಯಾನಿನ ಮಿಡಿತ ಎಣಿಸುವುದು, ಅಪ್ಪಣೆ ಕಳಿಸುವುದು ಅದರ ಕೆಲಸ. ಬಯೋಸಿನಲ್ಲಿ, ಅಂದರೆ ಎಲ್ಲಕ್ಕಿಂತ ಮೊದಲು ಓಡುವ ಬೋರ್ಡಿನದೇ ತಂತ್ರಾಂಶದಲ್ಲಿ, ನಾವು ಬರೆದಿಟ್ಟ ಲೆಕ್ಕವನ್ನು ಯಂತ್ರ ಹೊತ್ತಿಕೊಳ್ಳುವಾಗಲೇ ಆ ಚಿಪ್ಪಿಗೆ ಹೇಳಿಕೊಡಲಾಗುತ್ತದೆ, ಆಮೇಲೆ ಅದು ಯಾರನ್ನೂ ಕೇಳದೆ ತಾನೇ ನಡೆಸುತ್ತದೆ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಎರಡೂ ಹೆಪ್ಪುಗಟ್ಟಿ ನಿಂತಿರಲಿ, ಅದರ ಕೆಲಸ ನಿಲ್ಲುವುದಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಈ ಚಿಪ್ಪಿನ ಮಾತನ್ನು ಬಲ್ಲ ಡ್ರೈವರನ್ನು ತನ್ನೊಳಗೇ ಇಟ್ಟುಕೊಂಡಿದೆ, ಮತ್ತು ಅದು ತಿಳಿದದ್ದನ್ನೆಲ್ಲ ಸಾಧಾರಣ ಕಡತಗಳ ರೂಪದಲ್ಲಿ ನಮ್ಮ ಮುಂದೆ ಇಡುತ್ತದೆ. ಉಷ್ಣಾಂಶದ ಕಡತವನ್ನು ತೆರೆದರೆ 47250 ಎಂದಿರುತ್ತದೆ, ಅಂದರೆ 47.25 ಡಿಗ್ರಿ. ಫ್ಯಾನಿನ ಅಪ್ಪಣೆಯ ಕಡತದಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಇರುತ್ತದೆ. ಪಕ್ಕದ ಇನ್ನೊಂದು ಕಡತ ಈ ಫ್ಯಾನ್ ಯಾರ ಮಾತು ಕೇಳುತ್ತಿದೆ ಎಂದು ಹೇಳುತ್ತದೆ. ಅಲ್ಲಿ 1 ಇದ್ದರೆ ನಮ್ಮ ಮಾತು, ಅದಕ್ಕಿಂತ ದೊಡ್ಡ ಸಂಖ್ಯೆಯಿದ್ದರೆ ಚಿಪ್ಪಿನ ಸ್ವಂತ ಲೆಕ್ಕ. ಏಳು ವರ್ಷ ಒಂದು ಬಣ್ಣಬಣ್ಣದ ಕಿಟಕಿಯ ಹಿಂದೆ ಅಡಗಿದ್ದ ವಿಷಯ ಎರಡು ಸಂಖ್ಯೆಗಳಾಗಿ ಎದುರಿಗೆ ಬಂದಾಗ ನನಗಾದ ಸಂತೋಷ ದೊಡ್ಡದು.

ಎಲ್‌ಎಂ-ಸೆನ್ಸರ್ಸ್ ಎಂಬ ಹಳೆಯ, ನಂಬಿಕೆಯ ಉಪಕರಣವನ್ನು ಹಾಕಿಕೊಂಡರೆ ಈ ಎಲ್ಲ ಅಳತೆಗಳನ್ನು ಒಂದೇ ಪಟ್ಟಿಯಲ್ಲಿ ನೋಡಬಹುದು. ಹೊಸಬರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಪಟ್ಟಿಯಲ್ಲಿ ಒಮ್ಮೊಮ್ಮೆ 110 ಡಿಗ್ರಿ, ಸೊನ್ನೆಗಿಂತ ಕೆಳಗೆ 60 ಡಿಗ್ರಿ ಎಂಬಂಥ ಸಾಲುಗಳೂ ಕಾಣುತ್ತವೆ. ಅವು ಚಿಪ್ಪಿನಲ್ಲಿ ಜಾಗವಿದ್ದರೂ ಬೋರ್ಡಿನ ಮೇಲೆ ಅಳತೆಯ ಬಿಂದುವನ್ನೇ ಜೋಡಿಸದೆ ಬಿಟ್ಟ ಕಡೆಯ ಅರ್ಥವಿಲ್ಲದ ಸಂಖ್ಯೆಗಳು. ನಾನು ಮೊದಲ ದಿನ ಅದನ್ನು ನೋಡಿ ಯಂತ್ರವನ್ನು ಎರಡು ಬಾರಿ ಆರಿಸಿದೆ. ಯಾವ ಅಪ್ಪಣೆ ಯಾವ ಫ್ಯಾನಿಗೆ ಹೋಗುತ್ತದೆ ಎಂದು ಕಂಡುಹಿಡಿಯಲು ಅದೇ ಬಳಗದ ಇನ್ನೊಂದು ಉಪಕರಣವಿದೆ. ಅದು ಫ್ಯಾನುಗಳನ್ನು ಒಂದೊಂದಾಗಿ ನಿಲ್ಲಿಸಿ, ಯಾವುದರ ಮಿಡಿತ ನಿಂತಿತು ಎಂದು ನೋಡುತ್ತದೆ. ಕ್ಯಾಬಿನೆಟ್ ಬಿಚ್ಚಿಟ್ಟುಕೊಂಡು ಕಣ್ಣಾರೆ ನೋಡುತ್ತ ಅದನ್ನು ನಡೆಸುವುದು ಒಳ್ಳೆಯದು.

ಆದರೆ ನನ್ನ ಮೂರು ಫ್ಯಾನುಗಳು ಹಬ್‌ನಲ್ಲಿ ಇರುವವರೆಗೆ ಈ ಚಿಪ್ಪಿಗೆ ಅವುಗಳ ಸುಳಿವೇ ಇರಲಿಲ್ಲ. ಇಲ್ಲಿ ಎರಡು ದಾರಿಗಳಿದ್ದವು. ಹಬ್‌ನ ಮಾತನ್ನು ಬಲ್ಲ ಲಿನಕ್ಸ್ ತಂತ್ರಾಂಶವೊಂದನ್ನು ಹಾಕಿ, ವಿಂಡೋಸಿನಲ್ಲಿ ನಡೆದಂತೆಯೇ ಅದರಿಂದ ಫ್ಯಾನುಗಳನ್ನು ನಡೆಸುವುದು ಮೊದಲನೆಯದು. ಲಿಕ್ವಿಡ್‌ಸಿಟಿಎಲ್, ಕೂಲರ್‌ಕಂಟ್ರೋಲ್ ಎಂಬ ಉಪಕರಣಗಳು ಇದಕ್ಕಾಗಿಯೇ ಇವೆ, ಚೆನ್ನಾಗಿಯೂ ಇವೆ. ನೀರಿನಿಂದ ತಂಪಾಗುವ ವ್ಯವಸ್ಥೆ ಇರುವವರಿಗೆ, ಪಂಪಿನ ವೇಗವನ್ನೂ ದ್ರವದ ಉಷ್ಣಾಂಶವನ್ನೂ ನೋಡಬೇಕಾದವರಿಗೆ ಅವೇ ದಾರಿ. ಎರಡನೆಯದು, ಫ್ಯಾನುಗಳನ್ನು ಹಬ್‌ನಿಂದ ಕಿತ್ತು ಮದರ್‌ಬೋರ್ಡಿಗೆ ಸಿಕ್ಕಿಸುವುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಒಂದು ತಂತ್ರಾಂಶದ ಜಾಗದಲ್ಲಿ ಇನ್ನೊಂದನ್ನು ತಂದರೆ, ಅದು ಎಷ್ಟೇ ಒಳ್ಳೆಯದಾಗಿರಲಿ, ಅದು ನಿಂತ ದಿನ ನನ್ನ ಯಂತ್ರ ಮತ್ತೆ ಉಸಿರುಗಟ್ಟುತ್ತದೆ.

ಮುಂದಿನ ಎರಡು ಫ್ಯಾನುಗಳನ್ನು ಒಂದು ಕವಲು ತಂತಿಯಿಂದ ಕೂಡಿಸಿ ಬೋರ್ಡಿನ ಒಂದು ಕಡೆಗೆ, ಹಿಂದಿನದನ್ನು ಇನ್ನೊಂದು ಕಡೆಗೆ ಸಿಕ್ಕಿಸಿದೆ. ಬೋರ್ಡಿನ ಅಂಥ ಒಂದೊಂದು ಜಾಗ ಸಾಮಾನ್ಯವಾಗಿ ಒಂದು ಆಂಪಿಯರ್ ವರೆಗೆ ತಡೆಯುತ್ತದೆ. ನನ್ನ ಫ್ಯಾನುಗಳ ಹಿಂಬದಿಯ ಚೀಟಿಯಲ್ಲಿ ತಲಾ 0.25 ಎಂದಿತ್ತು, ಹಾಗಾಗಿ ಎರಡನ್ನು ಕೂಡಿಸಲು ಹೆದರಬೇಕಾಗಿರಲಿಲ್ಲ. ಕವಲು ತಂತಿಯಲ್ಲಿ ವರದಿಯ ತಂತಿ ಒಂದು ಫ್ಯಾನಿನದು ಮಾತ್ರ ಇರುತ್ತದೆ, ಇನ್ನೊಂದು ನಿಂತರೆ ಬೋರ್ಡಿಗೆ ತಿಳಿಯುವುದಿಲ್ಲ. ದೂಳು ಒರೆಸುವ ದಿನ ಅದನ್ನು ಕಣ್ಣಿನಿಂದ ನೋಡಿಕೊಳ್ಳಬೇಕು. ನನ್ನ ಅದೃಷ್ಟಕ್ಕೆ ಫ್ಯಾನಿನ ತಂತಿ ಮತ್ತು ದೀಪದ ತಂತಿ ಬೇರೆ ಬೇರೆಯಾಗಿದ್ದವು. ಎರಡನ್ನೂ ಸೇರಿಸಿ ತಮ್ಮ ಹಬ್‌ಗೆ ಮಾತ್ರ ಹೊಂದುವ ಒಂದೇ ಕೊಂಡಿ ಮಾಡಿದ ಫ್ಯಾನುಗಳೂ ಮಾರುಕಟ್ಟೆಯಲ್ಲಿವೆ. ಹೊಸದಾಗಿ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಕೊಂಡಿಯನ್ನು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಬಯೋಸಿನಲ್ಲಿ ಲೆಕ್ಕ ಬರೆಯುವಾಗ ಇನ್ನೊಂದು ಪಾಠ ಕಲಿತೆ. ಪ್ರೊಸೆಸರಿನ ಉಷ್ಣಾಂಶ ಒಂದು ಪುಟ ತೆರೆದರೂ ಕ್ಷಣದಲ್ಲಿ ಹತ್ತು ಡಿಗ್ರಿ ಹಾರಿ ಮತ್ತೆ ಇಳಿಯುತ್ತದೆ. ಕ್ಯಾಬಿನೆಟ್ಟಿನ ಫ್ಯಾನುಗಳಿಗೆ ಆ ಅಳತೆಯನ್ನು ಆಧಾರವಾಗಿ ಕೊಟ್ಟರೆ ಅವು ದಿನವಿಡೀ ಏರುತ್ತ ಇಳಿಯುತ್ತ ಇರುತ್ತವೆ. ಬೋರ್ಡಿನ ಉಷ್ಣಾಂಶ ಹಾಗಲ್ಲ. ಅದು ಕ್ಯಾಬಿನೆಟ್ಟಿನೊಳಗಿನ ಗಾಳಿಯಂತೆ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಪ್ರೊಸೆಸರಿನ ಫ್ಯಾನನ್ನು ಪ್ರೊಸೆಸರಿನ ಅಳತೆಗೆ, ಉಳಿದ ಮೂರನ್ನು ಬೋರ್ಡಿನ ಅಳತೆಗೆ ಕಟ್ಟಿದ ದಿನದಿಂದ ಯಂತ್ರದ ಸದ್ದಿನಲ್ಲಿದ್ದ ಚಡಪಡಿಕೆ ಹೋಯಿತು.

ಇಷ್ಟಾದ ಮೇಲೆ ತಂತ್ರಾಂಶಕ್ಕೆ ಏನು ಕೆಲಸ ಉಳಿಯಿತು ಎಂದರೆ, ನನ್ನ ಧ್ವನಿಮುದ್ರಣದ ಹೊತ್ತು. ಅಡಾಸಿಟಿಯಲ್ಲಿ ಹಿನ್ನೆಲೆಯ ಸದ್ದನ್ನು ತೆಗೆಯುವಾಗ, ಮಾತಿಲ್ಲದ ಕೆಲವು ಸೆಕೆಂಡುಗಳನ್ನು ಮಾದರಿಯಾಗಿ ತೋರಿಸಿ, ಇಂಥ ಸದ್ದನ್ನು ಕಡಿಮೆ ಮಾಡು ಎಂದು ಹೇಳುತ್ತೇವೆ. ಸದ್ದು ಸಣ್ಣದಿರುವುದರಷ್ಟೇ ಮುಖ್ಯ, ಅದು ಮೊದಲಿನಿಂದ ಕೊನೆಯವರೆಗೆ ಒಂದೇ ತೆರನಾಗಿರುವುದು. ನಡುವೆ ಫ್ಯಾನ್ ವೇಗ ಬದಲಿಸಿದರೆ ಮಾದರಿ ಸುಳ್ಳಾಗುತ್ತದೆ. ಪದಗಳ ಅಂಚಿನಲ್ಲಿ ನೀರೊಳಗಿನ ಗುಳುಗುಳು ಉಳಿಯುತ್ತದೆ. ಕಣ್ಣಿನಿಂದ ಓದಲಾಗದೆ ಕಿವಿಯನ್ನೇ ನಂಬಿ ಗಂಟೆಗಟ್ಟಲೆ ಕೇಳುವ ವಿದ್ಯಾರ್ಥಿಗೆ ಆ ಗುಳುಗುಳು ಎಷ್ಟು ಆಯಾಸ ತರುತ್ತದೆ ಎಂದು ಅವರಲ್ಲಿ ಒಬ್ಬರೇ ನನಗೆ ಹೇಳಿದ್ದರು. ಆದ್ದರಿಂದ ಓದುವ ಇಪ್ಪತ್ತು ನಿಮಿಷ ಮಾತ್ರ ಕ್ಯಾಬಿನೆಟ್ಟಿನ ಫ್ಯಾನುಗಳನ್ನು ನಿಮಿಷಕ್ಕೆ ಸುಮಾರು 520 ಸುತ್ತುಗಳ ಒಂದೇ ವೇಗದಲ್ಲಿ ಹಿಡಿದಿಡುವ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಆದೇಶಗಳ ಪಟ್ಟಿ, ಬರೆದೆ. ಅದು ಯಾರ ಮಾತು ಎಂಬ ಕಡತದಲ್ಲಿ 1 ಬರೆಯುತ್ತದೆ, ಅಪ್ಪಣೆಯ ಕಡತದಲ್ಲಿ 70 ಬರೆಯುತ್ತದೆ, ಎರಡು ಸೆಕೆಂಡಿಗೊಮ್ಮೆ ಪ್ರೊಸೆಸರಿನ ಉಷ್ಣಾಂಶ ನೋಡುತ್ತದೆ. 75 ಡಿಗ್ರಿ ದಾಟಿದರೆ ಮುದ್ರಣದ ಗತಿ ಏನೇ ಆಗಲಿ ಎಲ್ಲವನ್ನೂ ಚಿಪ್ಪಿಗೆ ಮರಳಿಸಿಬಿಡುತ್ತದೆ.

ಬರೆದ ಮೇಲೆ ಹೆಚ್ಚು ಹೊತ್ತು ಹಿಡಿದದ್ದು ಅದು ಸತ್ತರೆ ಏನಾಗಬೇಕು ಎಂಬ ಯೋಚನೆ. ನಮ್ಮ ಮಾತು ಕೇಳುವ ಸ್ಥಿತಿಯಲ್ಲಿರುವಾಗ ಸ್ಕ್ರಿಪ್ಟ್ ಕಣ್ಮರೆಯಾದರೆ, ಚಿಪ್ ಕೊನೆಯ ಸಂಖ್ಯೆಯನ್ನೇ ಹಿಡಿದು ಕೂರುತ್ತದೆ; ಹಬ್ ಮಾಡಿದ ತಪ್ಪನ್ನು ಆಗ ನಾನೇ ಮಾಡಿದಂತಾಗುತ್ತದೆ. ಅದಕ್ಕಾಗಿ ಸ್ಕ್ರಿಪ್ಟನ್ನು, ಲಿನಕ್ಸಿನಲ್ಲಿ ಹಿನ್ನೆಲೆಯ ಕೆಲಸಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಅಡಿಯಲ್ಲಿ ನಡೆಸುತ್ತೇನೆ. ಅದು ತಾನಾಗಿ ಮುಗಿಯಲಿ, ಕೆಡಲಿ, ಯಾರಾದರೂ ಕೊಲ್ಲಲಿ, ಫ್ಯಾನುಗಳನ್ನು ಚಿಪ್ಪಿಗೆ ಮರಳಿಸುವ ಬೇರೆಯದೇ ಒಂದು ಆದೇಶ ನಡೆಯುವಂತೆ ಅಲ್ಲಿ ಬರೆದಿಡಬಹುದು. ಇಡೀ ಕರ್ನಲ್ಲೇ ಹೆಪ್ಪುಗಟ್ಟಿದರೆ ಈ ಉಪಾಯವೂ ನಡೆಯದು. ಆ ಒಂದು ಸಂದರ್ಭಕ್ಕಾಗಿ ಪ್ರೊಸೆಸರಿನ ಫ್ಯಾನನ್ನು ನಾನು ಯಾವ ಸ್ಕ್ರಿಪ್ಟಿನ ಕೈಗೂ ಕೊಟ್ಟಿಲ್ಲ, ಮುಂದೆ ಕೊಡುವುದೂ ಇಲ್ಲ. ಇನ್ನೊಂದು ಎಚ್ಚರಿಕೆ, ಈ ಕಡತಗಳಿರುವ ಫೋಲ್ಡರಿನ ಸಂಖ್ಯೆ ಯಂತ್ರ ಮತ್ತೆ ಹೊತ್ತಿಕೊಂಡಾಗ ಬದಲಾಗಬಹುದು. ನಿನ್ನೆ 2 ಆಗಿದ್ದದ್ದು ಇಂದು 3 ಆಗಿರುತ್ತದೆ. ಆದ್ದರಿಂದ ಸಂಖ್ಯೆಯನ್ನು ನಂಬದೆ ಪ್ರತಿ ಬಾರಿಯೂ ಚಿಪ್ಪಿನ ಹೆಸರನ್ನು ಓದಿ ಹುಡುಕಬೇಕು.

ದೀಪದ ಕತೆ ಇದಕ್ಕಿಂತ ಹಗುರ, ಯಾಕೆಂದರೆ ದೀಪ ತಪ್ಪಿದರೆ ಯಾವುದೂ ಸುಡುವುದಿಲ್ಲ. ಹಬ್‌ನಲ್ಲಿ ಈಗ ಉಳಿದದ್ದು ದೀಪದ ತಂತಿಗಳು ಮಾತ್ರ. ಓಪನ್ಆರ್‌ಜಿಬಿ ಎಂಬ ಮುಕ್ತ ತಂತ್ರಾಂಶದ ಪಟ್ಟಿಯಲ್ಲಿ ನನ್ನ ಹಬ್ ಇತ್ತು; ಯುಎಸ್‌ಬಿ ಸಾಧನಗಳನ್ನು ಸಾಮಾನ್ಯ ಬಳಕೆದಾರ ಮುಟ್ಟಲು ಅನುಮತಿ ಕೊಡುವ ನಿಯಮದ ಕಡತವನ್ನು ಹಾಕಿದ ಮೇಲೆ ಮೂರು ಫ್ಯಾನುಗಳೂ ಪರದೆಯಲ್ಲಿ ಕಾಣಿಸಿಕೊಂಡವು. ಅಲ್ಲಿ ನೇರ ವಿಧಾನ ಎಂಬುದೊಂದಿದೆ. ಅದರಲ್ಲಿ ಬಣ್ಣವನ್ನು ತಂತ್ರಾಂಶವೇ ಕಳಿಸುತ್ತಿರುತ್ತದೆ. ಸ್ಥಿರ ವಿಧಾನದಲ್ಲಿ ಬಣ್ಣವನ್ನು ಒಮ್ಮೆ ಹೇಳಿದರೆ ಹಬ್ ತಾನೇ ಅದನ್ನು ನಡೆಸುತ್ತದೆ, ನನ್ನ ಹಬ್‌ನಂತೆ ಕೆಲವು ಸಾಧನಗಳಲ್ಲಿ ಅದನ್ನು ಒಳಗೇ ಉಳಿಸಿಡಲೂ ಬರುತ್ತದೆ. ಕಪ್ಪನ್ನು ಸ್ಥಿರ ಬಣ್ಣವಾಗಿ ಆರಿಸಿ ಉಳಿಸಿದೆ. ಅವ್ವನ ಗೋಡೆ ಅಂದು ರಾತ್ರಿಯಿಂದ ಗೋಡೆಯಾಗಿ ಉಳಿಯಿತು.

ನನ್ನ ಮೆಮೊರಿ ಕಡ್ಡಿಗಳಲ್ಲಿ ದೀಪವಿಲ್ಲ, ಆದರೆ ಇರುವವರು ಸ್ವಲ್ಪ ತಡೆದು ಮುಂದುವರಿಯಬೇಕು. ಅವುಗಳ ದೀಪಕ್ಕೆ ಮಾತು ಹೋಗುವುದು ಎಸ್‌ಎಂಬಸ್ ಎಂಬ ಹಾದಿಯಲ್ಲಿ. ಆ ಮೆಮೊರಿಯ ವೇಗ, ಗಾತ್ರ, ಜಾತಕವೆಲ್ಲ ಬರೆದಿಟ್ಟ ಸಣ್ಣ ಚಿಪ್ಪೂ ಅದೇ ಹಾದಿಯಲ್ಲಿ ಕುಳಿತಿರುತ್ತದೆ. ತಪ್ಪು ವಿಳಾಸಕ್ಕೆ ಬರೆದರೆ ಕೆಡುವುದು ದೀಪವಲ್ಲ, ಮೆಮೊರಿ. ಹಿಂದೊಮ್ಮೆ ಕೆಲವು ಐಬಿಎಂ ಥಿಂಕ್‌ಪ್ಯಾಡುಗಳಲ್ಲಿ ಇಂಥ ಹಾದಿಯನ್ನು ತಡಕಾಡಿದ್ದರಿಂದಲೇ ಒಳಗಿನ ಬರಹ ಕೆಟ್ಟು ಯಂತ್ರಗಳು ಹೊತ್ತಿಕೊಳ್ಳದೇ ಹೋದದ್ದುಂಟು. ಎಲ್‌ಎಂ-ಸೆನ್ಸರ್ಸ್ ಚಿಪ್ಪುಗಳನ್ನು ಹುಡುಕುವಾಗ ಇಂದಿಗೂ ಪ್ರತಿ ಹೆಜ್ಜೆಗೆ ಕೇಳಿ ಮುಂದುವರಿಯುವುದನ್ನು ನೋಡಿದಾಗ ನನಗೆ ಆ ಯಂತ್ರಗಳು ನೆನಪಾಗುತ್ತವೆ. ಆ ಪ್ರಶ್ನೆಗಳಿಗೆ ಓದದೆ ಹೌದು ಎನ್ನಬಾರದು.

ಈ ಎಲ್ಲದರ ಹಿಂದೆ ಕುಳಿತವರ ಬಗ್ಗೆ ಹೇಳದೆ ಹೋದರೆ ಕೃತಘ್ನತೆಯಾಗುತ್ತದೆ. ಹಬ್ ತಯಾರಿಸಿದವರು ಅದರ ಭಾಷೆಯನ್ನು ಎಲ್ಲಿಯೂ ಪ್ರಕಟಿಸಿಲ್ಲ. ಸ್ವಯಂಸೇವಕರು ಏನು ಮಾಡುತ್ತಾರೆಂದರೆ, ವಿಂಡೋಸಿನಲ್ಲಿ ತಯಾರಕರ ತಂತ್ರಾಂಶವನ್ನು ನಡೆಸಿ, ಯುಎಸ್‌ಬಿ ತಂತಿಯಲ್ಲಿ ಹರಿಯುವುದನ್ನೆಲ್ಲ, ಅಂಥ ಹರಿವನ್ನು ದಾಖಲಿಸುವ ತಂತ್ರಾಂಶವಾದ ವೈರ್‌ಶಾರ್ಕಿನಲ್ಲಿ ಹಿಡಿಯುತ್ತಾರೆ. ಬಣ್ಣವನ್ನು ಕೆಂಪಿನಿಂದ ನೀಲಿಗೆ ಬದಲಿಸಿದಾಗ 64 ಬೈಟುಗಳಲ್ಲಿ ಯಾವುದು ಬದಲಾಯಿತು, ವೇಗವನ್ನು ಅರ್ಧಕ್ಕಿಳಿಸಿದಾಗ ಯಾವುದು ಬದಲಾಯಿತು ಎಂದು ತಾಳ್ಮೆಯಿಂದ ಎಣಿಸುತ್ತಾರೆ. ಕೋರ್ಸೇರ್ ಕಮಾಂಡರ್ ಪ್ರೊ ಎಂಬ ನಿಯಂತ್ರಕದ ಡ್ರೈವರ್ 2020ರಲ್ಲಿ 5.9ನೆಯ ಆವೃತ್ತಿಯ ಮೂಲಕ ಕರ್ನಲ್ ಸೇರಿತು. ಆಮೇಲೆ ಬೇರೆ ಕಂಪನಿಗಳ ಸಾಧನಗಳಿಗೂ ಇಂಥ ಡ್ರೈವರುಗಳು ಒಂದೊಂದಾಗಿ ಬಂದವು. ಕೆಲವು ಪುಟಗಳ ಒಂದು ದಾಖಲೆಯನ್ನು ತಯಾರಕರು ಮುದ್ರಿಸಿಬಿಟ್ಟಿದ್ದರೆ ಈ ಶ್ರಮವೇ ಬೇಕಾಗುತ್ತಿರಲಿಲ್ಲ. ಅದು ಆಗದಿದ್ದರೂ, ತಂತ್ರಾಂಶ ಇಲ್ಲದಾಗ ಈ ಸಾಧನ ಫ್ಯಾನುಗಳನ್ನು ಎಷ್ಟು ವೇಗದಲ್ಲಿ ಇಡುತ್ತದೆ ಎಂಬ ಒಂದು ಸಾಲನ್ನು ಡಬ್ಬಿಯ ಮೇಲೆ ಬರೆಯುವುದು ಅವರ ಕರ್ತವ್ಯ ಎಂದು ನಾನು ದೃಢವಾಗಿ ನಂಬುತ್ತೇನೆ.

ಮೇ ತಿಂಗಳ ಮೊದಲ ವಾರ, ಹೊರಗೆ 42 ಡಿಗ್ರಿ ಇದ್ದ ಒಂದು ಮಧ್ಯಾಹ್ನ, ಕೊನೆಯ ಪರೀಕ್ಷೆ ಮಾಡಿದೆ. ಓಪನ್ಆರ್‌ಜಿಬಿಯನ್ನೂ ನನ್ನ ಸ್ಕ್ರಿಪ್ಟನ್ನೂ ನಿಲ್ಲಿಸಿದೆ, ಹಬ್‌ನ ಯುಎಸ್‌ಬಿ ತಂತಿಯನ್ನು ಕಿತ್ತಿಟ್ಟೆ, ಪ್ರೊಸೆಸರಿನ ಹನ್ನೆರಡೂ ಎಳೆಗಳಿಗೆ (ಒಂದೊಂದು ಕೋರಿಗೆ ಎರಡು) ಒಂದು ತಾಸು ಪೂರ್ತಿ ಕೆಲಸ ಹಚ್ಚಿದೆ. ಅದೇ ಉಪನ್ಯಾಸದ ವಿಡಿಯೊ. ಹತ್ತನೆಯ ನಿಮಿಷಕ್ಕೆ ಮುಂದಿನ ಫ್ಯಾನುಗಳ ಸದ್ದು ಏರತೊಡಗಿತು, ಇಪ್ಪತ್ತನೆಯ ನಿಮಿಷಕ್ಕೆ ಒಂದೇ ಮಟ್ಟದಲ್ಲಿ ನಿಂತಿತು. ಉಷ್ಣಾಂಶ 79ಕ್ಕೆ ಬಂದು ಅಲ್ಲಿಯೇ ಉಳಿಯಿತು. ಯಾರೂ ಏನೂ ಹೇಳದೆ ಅವು ತಿರುಗುತ್ತಿದ್ದವು. ಕ್ಯಾಬಿನೆಟ್ಟಿನ ಗಾಜಿನ ಮೇಲೆ ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು, ಆದರೆ ಇಟ್ಟ ಕೈಯನ್ನು ತೆಗೆಯಬೇಕಾಗಲಿಲ್ಲ.